ಐದಂಕಣದಿಂದ ಎರಡು ಕೋಣೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆಯಿಂದ ಬಂದ ಪತ್ರಗಳದ್ದು ಹೆಚ್ಚುಕಡಿಮೆ ಒಂದೇ ಮಾತು: ಮಕ್ಕಳು ಊರು ಬಿಟ್ಟಿದ್ದಾರೆ, ದೊಡ್ಡ ಮನೆ ಗುಡಿಸಿ ಸಾರಿಸಲು ಆಗುತ್ತಿಲ್ಲ, ಚಿಕ್ಕ ಮನೆಗೆ ಹೋಗುತ್ತಿದ್ದೇವೆ. ಸಾಮಾನು ಏನು ಮಾಡುವುದು? ಹೊತ್ತು ಹೇಗೆ ಕಳೆಯುವುದು? ಇವನ್ನು ಎರಡು ಪ್ರಶ್ನೆ ಎಂದುಕೊಳ್ಳಬೇಡಿ. ಎಲ್ಲ ಸಾಮಾನಿಗೂ ಜಾಗ ಹಂಚಿ, ಮಿಕ್ಕದ್ದನ್ನು ಹವ್ಯಾಸಕ್ಕೆ ಇಟ್ಟರಾಯಿತು ಎಂದು ಹೊರಟವರಿಗೆ ಏನೂ ಮಿಕ್ಕುವುದಿಲ್ಲ. ಮೊದಲು ಕಿಟಕಿಯ ಪಕ್ಕ ಮೂರಡಿಗೆ ಎರಡಡಿ ಜಾಗ ಹಿಡಿದಿಡಿ, ಆಮೇಲೆ ಬೀರು ಎಲ್ಲಿ ಎಂದು ಯೋಚಿಸಿ.

ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮದು ಐದಂಕಣದ ಮಾಳಿಗೆ ಮನೆ. ರಾಯಚೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ಹಿಡಿದಿದ್ದೇವೆ. ಮಲಗುವ ಕೋಣೆ ಹತ್ತಡಿಗೆ ಹತ್ತಡಿ. ಸಾಗುವಾನಿ ಜೋಡಿ ಮಂಚ, ಕಬ್ಬಿಣದ ಬೀರು, ಮೂರು ಟ್ರಂಕು, ತಾಮ್ರದ ಹಂಡೆ, ಜಾತ್ರೆಗೆಂದು ಇಟ್ಟ ಪಾತ್ರೆಗಳು ಇವೆ. ಯಾವುದನ್ನು ಒಯ್ಯಲಿ? (ನಿವೃತ್ತ ಶಿಕ್ಷಕರು, ಮಾನ್ವಿ)

ಲಾರಿ ಕರೆಸುವ ಮೊದಲು ಟೇಪು ಹಿಡಿಯಿರಿ. ಮೂರು ಅಳತೆ ಬೇಕು: ಬಾಗಿಲ ಚೌಕಟ್ಟಿನ ಒಳ ಅಗಲ, ಮೆಟ್ಟಿಲು ತಿರುಗುವಲ್ಲಿನ ಜಾಗ, ಕೋಣೆಯ ಗೋಡೆಯಿಂದ ಗೋಡೆಗೆ ಇರುವ ದೂರ. ಸಾಮಾನ್ಯ ಕಬ್ಬಿಣದ ಬೀರು 78 ಇಂಚು ಎತ್ತರ, 36 ಇಂಚು ಅಗಲ, 19 ಇಂಚು ಆಳ. ಅದು ಸಿಕ್ಕಿಕೊಳ್ಳುವುದು ಬಾಗಿಲಲ್ಲಿ ಅಲ್ಲ, ಮೆಟ್ಟಿಲ ತಿರುವಿನಲ್ಲಿ. ಕೋಣೆಯೊಳಗೆ ಮಲಗಿಸಿ ತಂದು ಎತ್ತಿ ನಿಲ್ಲಿಸುವಾಗ ಅದರ ಓರೆ ಅಳತೆ 80 ಇಂಚಿಗಿಂತ ತುಸು ಹೆಚ್ಚಾಗುತ್ತದೆ. ಒಂಬತ್ತಡಿ ಸೂರಿಗೆ ಅದೇನೂ ತೊಂದರೆಯಲ್ಲ, ಆದರೆ ಸಜ್ಜೆಯ ಕೆಳಗೆ ಎತ್ತಲು ಹೋಗಬೇಡಿ.

ಈಗ ಮಂಚದ ಲೆಕ್ಕ. ನಿಮ್ಮ ಮಂಚ ಆರಡಿ ಅಗಲದ್ದಾದರೆ ಹತ್ತಡಿ ಕೋಣೆಯಲ್ಲಿ ಉಳಿಯುವುದು 48 ಇಂಚು. ಎದುರು ಗೋಡೆಗೆ ಬೀರು ನಿಂತರೆ 29 ಇಂಚು. ಬೀರುವಿನ ಒಂದು ಬಾಗಿಲು 18 ಇಂಚು, ಅದನ್ನು ತೆರೆದರೆ ನಿಮಗೆ ನಿಲ್ಲಲು 11 ಇಂಚು. ಅಷ್ಟರಲ್ಲಿ ಯಾರೂ ಸೀರೆ ಮಡಚಿ ಇಡಲಾರರು. ನಾಲ್ಕಡಿ ಅಗಲದ ಮಂಚವಾದರೆ ಬಾಗಿಲು ತೆರೆದ ಮೇಲೂ 35 ಇಂಚು ಸಿಗುತ್ತದೆ. ಹಾಗಾಗಿ ಆರಡಿ ಮಂಚ, ಬೀರು ಎರಡೂ ಒಂದೇ ಕೋಣೆಯಲ್ಲಿ ಬೇಡ. ಬೀರು ಹೊರಗಿನ ಕೋಣೆಗೆ ಬರಲಿ. ರಾತ್ರಿ ಬಚ್ಚಲಿಗೆ ಎದ್ದು ಹೋಗುವ ದಾರಿ ಎರಡೂವರೆ ಅಡಿಗಿಂತ ಕಡಿಮೆಯಾಗಬಾರದು. ಹೊಸ ಮನೆಯ ಬೀಗದ ಕೈ ಸಿಕ್ಕ ದಿನ ಸೀಮೆಸುಣ್ಣದಿಂದ ನೆಲದ ಮೇಲೆ ಪ್ರತಿ ಸಾಮಾನನ್ನೂ ಅದರ ನಿಜ ಅಳತೆಯಲ್ಲೇ ಬರೆದು, ಗೆರೆ ತುಳಿಯದೆ ಅರ್ಧ ತಾಸು ಓಡಾಡಿ ನೋಡಿ. ಕಾಗದದ ಮೇಲೆ ಹೊಂದಿದ್ದು ಎಷ್ಟೋ ಸಲ ಇಲ್ಲಿ ಹೊಂದುವುದಿಲ್ಲ.

ಮಂಚ ಬಿಚ್ಚುವಾಗ ಕೂಡುವ ಎರಡೂ ಮರಕ್ಕೆ ಒಂದೇ ಅಂಕಿ ಬರೆಯಿರಿ, ಬೋಲ್ಟುಗಳನ್ನು ಬಟ್ಟೆ ಚೀಲಕ್ಕೆ ಹಾಕಿ ಅದೇ ಮಂಚದ ಕಾಲಿಗೆ ಕಟ್ಟಿ. ಮಾಳಿಗೆ ಮನೆಯ ಮರಕ್ಕೆ ಗೆದ್ದಲು, ಮರ ಕೊರೆಯುವ ಹುಳು ಎರಡರ ಭಯವೂ ಇದ್ದೇ ಇರುತ್ತದೆ. ಬೆರಳ ಗೆಣ್ಣಿನಿಂದ ಎಲ್ಲ ಕಡೆ ತಟ್ಟಿ. ಟೊಳ್ಳು ಸದ್ದು ಬಂದರೆ, ಸೂಜಿಮೊನೆಯಂಥ ತೂತುಗಳ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ, ಆ ಮರವನ್ನು ಹೊಸ ಮನೆಗೆ ತರಬೇಡಿ. ಎಷ್ಟೇ ಹಳೆಯ ನೆನಪಿದ್ದರೂ ತರಬೇಡಿ, ಉಳಿದ ಮರಕ್ಕೂ ಹುಳು ಹತ್ತುತ್ತದೆ.

ಪಾತ್ರೆ ವಿಷಯದಲ್ಲಿ ಹತ್ತು ಜನಕ್ಕೆ ಅನ್ನ ಬೇಯುವ ಒಂದು ಪಾತ್ರೆ ಸಾಕು. ಅದಕ್ಕಿಂತ ಹೆಚ್ಚು ಜನ ಬಂದರೆ ಶಾಮಿಯಾನದ ಅಂಗಡಿಯಲ್ಲಿ ಕೊಳಗ, ಬೋಗುಣಿ, ತಟ್ಟೆ ಎಲ್ಲ ಬಾಡಿಗೆಗೆ ಸಿಗುತ್ತವೆ. ಹಂಡೆಯನ್ನು ಊರಲ್ಲೇ ಬಳಸುವ ನೆಂಟರಿಗೆ ಕೊಡಿ. ಟ್ರಂಕು ಎರಡು ಮಂಚದ ಕೆಳಗೆ ಹೋಗುತ್ತವೆ. ಎತ್ತರ ಸಾಲದಿದ್ದರೆ ಕಾಲಿನ ಕೆಳಗೆ ಕುಳಿ ತೆಗೆದ ನಾಲ್ಕಿಂಚು ಮರದ ದಿಮ್ಮಿ ಇಡಿ. ಬರೀ ಇಟ್ಟಿಗೆ ಇಟ್ಟರೆ ಮಂಚ ಜಾರುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ. ಮಣ್ಣಿನ ಮಾಳಿಗೆಯ ತಂಪಿಗೆ ಒಗ್ಗಿದವರಿಗೆ ಕೊನೆಯ ಮಹಡಿಯ ಕಾಂಕ್ರೀಟು ಸೂರು ಏಪ್ರಿಲ್‌ನಲ್ಲಿ ಹಣ್ಣು ಮಾಡುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಕೆಳಗೆ ಬಿಡುತ್ತದೆ. ಮನೆ ಮಾಲೀಕರನ್ನು ಕೇಳಿ ತಾರಸಿಗೆ ಸುಣ್ಣ ಹೊಡೆಸಿ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಿ, ಅದು ಕೊತಕೊತ ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ ಬೇಡ, ಕಣ್ಣಿಗೆ ಸಿಡಿಯದಂತೆ ದೂರ ನಿಲ್ಲಿ. 24 ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ. ತಾರಸಿ ತೊಳೆದು, ಸಂಜೆ, ಇನ್ನೂ ಹಸಿ ಇರುವಾಗಲೇ ಎರಡು ಕೈ ಹೊಡೆಯಿರಿ. ಉರಿಬಿಸಿಲಲ್ಲಿ ಹೊಡೆದ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗಿ ಹಾರಿಹೋಗುತ್ತದೆ.

ಟ್ರಂಕಿನ ತುಂಬ ಅತ್ತೆಯವರ ಹಳೇ ಸೀರೆಗಳಿವೆ. ಬಿಸಾಡಲು ಮನಸ್ಸಿಲ್ಲ, ಇಡಲು ಜಾಗವಿಲ್ಲ. ಕೌದಿ ಹೊಲಿಯಬೇಕೆಂದಿದ್ದೇನೆ. ಚಿಕ್ಕವಳಿದ್ದಾಗ ನೋಡಿದ್ದೇನೆ ಅಷ್ಟೇ; ಒಮ್ಮೆ ಹೊಲಿದದ್ದು ನಡುವೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. (ಗೃಹಿಣಿ, ಸಿಂಧನೂರು)

ಚಿಕ್ಕ ಮನೆಗೆ ಇದಕ್ಕಿಂತ ಒಳ್ಳೆಯ ಹವ್ಯಾಸ ಇಲ್ಲ. ಬೇರೆ ಹವ್ಯಾಸಗಳು ಮನೆಗೆ ಸಾಮಾನು ತರುತ್ತವೆ, ಕೌದಿ ಟ್ರಂಕು ಖಾಲಿ ಮಾಡುತ್ತದೆ.

ಮೊದಲು ಸೀರೆ ಆರಿಸಿ. ಹತ್ತಿ ನೂಲಿನದು ಮಾತ್ರ. ಅನುಮಾನವಿದ್ದರೆ ಅಂಚಿನ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಸೇರಿಸಿ ಹೊಲಿದರೆ ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗದೆ ಸುಕ್ಕು ಏಳುತ್ತದೆ. ಇಳಕಲ್ ಸೀರೆ ಇದ್ದರೆ ತೋಪುತೆನೆ ಸೆರಗನ್ನು ಬೇರೆ ಮಾಡಿ; ಒಡಲು ಹತ್ತಿಯದಿದ್ದರೂ ಸೆರಗಿನ ನೂಲು ಬೇರೆ, ಅದು ಬೇರೆ ರೀತಿ ಕುಗ್ಗುತ್ತದೆ. ಆ ಸೆರಗು ದಿಂಬಿನ ಹೊದಿಕೆಗೆ ಚೆನ್ನ. ಜರಿ ಅಂಚು ಇದ್ದರೆ ಕತ್ತರಿಸಿ ತೆಗೆಯಿರಿ, ಮಲಗಿದವರಿಗೆ ಚುಚ್ಚುತ್ತದೆ. ಬಳ್ಳಾರಿ ಕಡೆಯವರು ಜೀನ್ಸ್ ಕಟ್‌ಪೀಸ್ ಸೇರಿಸಬಹುದೇ ಎಂದು ಕೇಳುತ್ತಾರೆ. ಬೇಡ. ನಾಲ್ಕು ಪದರದ ಜೊತೆ ಜೀನ್ಸಿನಲ್ಲಿ ಕೈಸೂಜಿ ಇಳಿಯುವುದಿಲ್ಲ, ಬೆರಳು ಕೆಡುತ್ತದೆ. ಅದರಲ್ಲಿ ಸಂತೆ ಚೀಲ ಹೊಲಿಯಿರಿ.

ಪ್ರತಿ ಸೀರೆಯನ್ನೂ ಒಂದೊಂದಾಗಿ ಒಗೆಯಿರಿ, ನೀರು ತಿಳಿಯಾಗುವವರೆಗೆ. ಕೆಂಪು, ಕಡುನೀಲಿ ಬಣ್ಣ ಬಿಡುತ್ತವೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತನ್ನು ನಂಬಬೇಡಿ, ಮೂರ್ನಾಲ್ಕು ಒಗೆತವೇ ದಾರಿ. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಸೊಂಟಕ್ಕೆ ಸಿಕ್ಕಿಸುವ ಕಡೆ, ನಿರಿಗೆಯ ಕೆಳಗಡೆ ಬಟ್ಟೆ ಸವೆದಿರುತ್ತದೆ. ಅಂಥದ್ದು ಒಳಪದರಕ್ಕೆ ಹೋಗಲಿ. ಮೆತ್ತಗಿರುವ, ತೂತಿಲ್ಲದ ಸೀರೆ ಮೈಗೆ ತಾಕುವ ಕಡೆ ಬರಲಿ.

ಒಂದು ಸೀರೆ ಸುಮಾರು ಹದಿನೆಂಟಡಿ ಉದ್ದ, 45 ಇಂಚು ಅಗಲ. ಅದನ್ನು ಕತ್ತರಿಸದೆ ಉದ್ದಕ್ಕೆ ಮೂರು ಮಡಿಕೆ ಹಾಕಿದರೆ ಆರಡಿ ಉದ್ದದ ಮೂರು ಪದರ. ಮೇಲೆ ತುಂಡುಗಳನ್ನು ಜೋಡಿಸಿದ ಒಂದು ಪದರ. ಒಟ್ಟು ನಾಲ್ಕು ಪದರದ ಒಬ್ಬರ ಕೌದಿ. ಸಿಂಧನೂರಿನ ಸೆಕೆಗೆ ಇಷ್ಟು ಸಾಕು. ಮಾರ್ಗಶಿರ-ಪುಷ್ಯದ ಚಳಿಗೆ ಬೇಕಾದರೆ ಎರಡು ಸೀರೆ ಹಾಕಿ ತುಂಡುಗಳ ಪದರದ ಕೆಳಗೆ ಆರು ಪದರ ಮಾಡಿ. ಆರಕ್ಕಿಂತ ಹೆಚ್ಚು ಹಾಕಿದರೆ ಒಗೆಯುವಾಗ ಅಳುತ್ತೀರಿ.

ಗುಳ್ಳೆ ಏಳಲು ಕಾರಣ ನಿಮ್ಮ ಹೊಲಿಗೆಯಲ್ಲ, ಕಚ್ಚಾ ಟಾಕಾ (ಪದರ ಜಾರದಂತೆ ಮೊದಲು ಹಾಕುವ ಸಡಿಲ ಹೊಲಿಗೆ) ಹಾಕದೆ ಶುರು ಮಾಡಿದ್ದು. ಪದರಗಳು ಒಂದರ ಮೇಲೊಂದು ಜಾರುತ್ತವೆ. ನಾಲ್ಕೂ ಕಡೆಯಿಂದ ಒಳಗೆ ಬಂದಾಗ ಜಾರಿದ ಬಟ್ಟೆಯೆಲ್ಲ ನಡುವೆ ಕೂಡುತ್ತದೆ. ಹೀಗೆ ಮಾಡಿ: ಬೆಳಿಗ್ಗೆ ಗಾಳಿ ಏಳುವ ಮೊದಲು ತಾರಸಿ ಗುಡಿಸಿ ಎಲ್ಲ ಪದರ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರುತ್ತ ಬನ್ನಿ. ಬಿಳಿ ದಾರದಿಂದ ಮೊದಲು ನಡುವೆ ಅಡ್ಡ-ಉದ್ದ ಎರಡು ಗೆರೆ, ಆಮೇಲೆ ಗೇಣಿಗೊಂದರಂತೆ ಗೆರೆ, ಎರಡಿಂಚು ಉದ್ದದ ಸಡಿಲ ಹೊಲಿಗೆ. ಇದಕ್ಕೆ ಒಂದು ಬೆಳಗು ಹೋಗುತ್ತದೆ, ಹೋಗಲಿ. ನೆಲದ ಮೇಲೆ ಪೂರ್ತಿ ಹಾಸುವ ಕೆಲಸ ಇದೊಂದೇ. ಆಮೇಲೆ ಸುರುಳಿ ಸುತ್ತಿ ತೊಡೆ ಮೇಲಿಟ್ಟುಕೊಂಡು ಒಂದು ಕುರ್ಚಿಯ ಜಾಗದಲ್ಲಿ ಹೊಲಿಯಬಹುದು.

ಸೂಜಿ ಎರಡಿಂಚಿನದು, ಕಣ್ಣು ದೊಡ್ಡದಿರಲಿ. ದಬ್ಬಣ ಬೇಡ, ಹಳೇ ಬಟ್ಟೆಯಲ್ಲಿ ಅದು ಮಾಡಿದ ತೂತು ಹರಿಯುತ್ತ ಹೋಗುತ್ತದೆ. ಗಟ್ಟಿ ಹತ್ತಿ ದಾರ, ಎರಡೆಳೆ, ಒಂದು ಸಲಕ್ಕೆ ಎರಡೂವರೆ ಅಡಿ ಮಾತ್ರ. ಹೆಚ್ಚು ತೆಗೆದರೆ ಗಂಟು ಬೀಳುತ್ತದೆ. ಅಂಚಿನಿಂದ ಶುರು ಮಾಡಿ ಸುತ್ತುತ್ತ ಒಳಕ್ಕೆ ಬನ್ನಿ. ಹೊಲಿಗೆ ಕಾಲಿಂಚು, ಸಾಲಿನಿಂದ ಸಾಲಿಗೆ ಅರ್ಧ ಇಂಚು. ಒಂದು ಮೊಳ ಹೊಲಿದ ಮೇಲೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ. ದಾರ ಬಿಗಿಯಾಗಿದ್ದರೆ ಅಲ್ಲೇ ಸಡಿಲಾಗುತ್ತದೆ, ಅಲೆಯಂತೆ ಸುಕ್ಕುವುದಿಲ್ಲ. ಬಲಗೈಯವರಿಗೆ ಬೆಳಕು ಎಡದಿಂದ ಬರಲಿ.

ಲೆಕ್ಕ ಬೇಕೆಂದರೆ: 45 ಇಂಚು ಅಗಲಕ್ಕೆ ಅರ್ಧ ಇಂಚಿನ ಸಾಲು 90, ಆರಡಿಯಂತೆ 540 ಅಡಿ ಹೊಲಿಗೆ. ಎರಡೆಳೆಗೆ ದಾರ ಸುಮಾರು 400 ಮೀಟರ್, ಕಚ್ಚಾ ಟಾಕಾ ಬೇರೆ. 450 ಮೀಟರ್ ಒಮ್ಮೆಗೇ ಕೊಂಡಿಡಿ, ಆಮೇಲೆ ಅದೇ ಬಣ್ಣ ಸಿಗುವುದು ಕಷ್ಟ. ಗಂಟೆಗೆ ಎಂಟು-ಹತ್ತಡಿ ಸಾಗಿದರೆ, ದಿನಕ್ಕೆ ಎರಡು ಗಂಟೆಯಂತೆ ಒಂದು ತಿಂಗಳ ಕೆಲಸ. ನಡುವೆ ಗುಳ್ಳೆ ಕಂಡರೆ ಕತ್ತರಿ ಹಾಕಬೇಡಿ. ಆ ಸುತ್ತನ್ನು ಬಿಚ್ಚಿ, ನೀರು ಚಿಮುಕಿಸಿ, ಸವರಿ, ಮತ್ತೆ ಟಾಕಾ ಹಾಕಿ. ಮೊದಲು ಹರಿಯುವುದು ಮೂಲೆ. ಅಲ್ಲಿಗೆ ಮಡಚಿದ ತ್ರಿಕೋನದ ತೇಪೆ ಹಚ್ಚಿ.

ಕೌದಿಯ ಹೊಟ್ಟೆ ತುಂಬಿಸುವುದು ಎಂದು ಕೆಲವು ಮನೆಗಳಲ್ಲಿ ಕೊನೆಯ ಕಿಂಡಿ ಮುಚ್ಚುವ ಮೊದಲು ರೊಟ್ಟಿಯ ಚೂರು ಇಡುತ್ತಾರೆ. ನಿಮ್ಮಲ್ಲೂ ರೂಢಿ ಇದ್ದರೆ ಖಂಡಿತ ಇಡಿ. ಕಟಕಟಿ ಒಣಗಿದ ಜೋಳದ ರೊಟ್ಟಿಯಾಗಿರಲಿ, ಸಿಹಿ ಇಟ್ಟರೆ ಇರುವೆ ಬರುತ್ತದೆ.

ರಜೆಗೆ ಮೊಮ್ಮಕ್ಕಳು ಬಂದರೆ ಎರಡು ಕೋಣೆಯಲ್ಲಿ ಏನು ಆಡಿಸುವುದು? (ಸಿರುಗುಪ್ಪ)

ಚೌಕಾಬಾರ. ನೆಲದ ಮೇಲೆ ಐದಕ್ಕೈದು ಮನೆ ಬರೆಯಿರಿ. ನಾಲ್ಕು ಬದಿಯ ನಡುಮನೆಗೂ ಒಳಗಿನ ನಡುಮನೆಗೂ ಕಟ್ಟೆಯ, ಅಂದರೆ ಕಾಯಿ ಕಡಿಯಲಾಗದ ಮನೆಯ, ಗುರುತು. ಒಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಹಾಕಿ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ. ನಾಲ್ಕೂ ಮೇಲಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು, ಎರಡಕ್ಕೂ ಮತ್ತೊಂದು ಆಟ. ಹೊರಸುತ್ತು ಒಂದು ದಿಕ್ಕಿಗೆ, ಒಳಸುತ್ತು ಅದರ ಎದುರು ದಿಕ್ಕಿಗೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಬಿಡಬೇಡಿ, ಆಗಲೇ ಆಟಕ್ಕೆ ರಂಗು. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬೆಳ್ಳಗೆ ಮಾಡಿ.

ಇಪ್ಪತ್ತು ವರ್ಷ ಮುಟ್ಟದ ಪೇಟಿ (ಹಾರ್ಮೋನಿಯಂ) ಮನೆ ಬದಲಿಸುವಾಗ ಕೈಗೆ ಬಂತು. ಗಾಳಿ ಸೋರುತ್ತದೆ, ಒಂದು ಸ್ವರ ನಿಲ್ಲದೆ ಕೂಗುತ್ತದೆ, ಎರಡು ಸ್ವರ ಮೂಕ. ರಿಪೇರಿಗೆ ಕೊಡುವ ಮೊದಲು ಮನೆಯಲ್ಲೇ ಏನಾದರೂ ಮಾಡಬಹುದೇ? (ಬಳ್ಳಾರಿ)

ನೀವು ಹೇಳಿದ ಮೂರೂ ದೋಷ ಬಹುಮಟ್ಟಿಗೆ ಮನೆಯಲ್ಲೇ ಹೋಗುತ್ತವೆ. ಮೇಲಿನ ಹಲಗೆಯ ಸ್ಕ್ರೂ ಬಿಚ್ಚಿ, ಬಿಚ್ಚುವ ಪ್ರತಿ ಹಂತದ ಫೋಟೊ ಮೊಬೈಲಿನಲ್ಲಿ ತೆಗೆದಿಡಿ.

ನಿಲ್ಲದೆ ಕೂಗುವ ಸ್ವರಕ್ಕೆ ಕಾರಣ ಆ ಕೀಲಿಯ ಕೆಳಗಿನ ಚರ್ಮದ ಗಾದಿ ತೂತನ್ನು ಪೂರ್ತಿ ಮುಚ್ಚದಿರುವುದು. ಗಾದಿಗೆ ಧೂಳು ಅಂಟಿರುತ್ತದೆ, ಇಲ್ಲವೇ ಸ್ಪ್ರಿಂಗ್ ಸೋತಿರುತ್ತದೆ. ಮೆತ್ತನೆ ಬ್ರಷ್‌ನಿಂದ ಒರೆಸಿ. ಸ್ಪ್ರಿಂಗ್ ಸೋತಿದ್ದರೆ ಪಕ್ಕದ ಸ್ಪ್ರಿಂಗಿನ ಬಾಗು ನೋಡಿ ಅಷ್ಟೇ ಬಾಗಿಸಿ. ಮೂಕ ಸ್ವರಕ್ಕೆ ಕಾರಣ ಹಿತ್ತಾಳೆ ರೀಡಿನ ನಾಲಗೆಗೂ ಚೌಕಟ್ಟಿಗೂ ನಡುವೆ ಸಿಕ್ಕ ಕಸ. ತೆಳು ಕಾಗದವನ್ನು ನಾಲಗೆಯ ಕೆಳಗೆ ತೂರಿಸಿ, ಕೂದಲೆಳೆಯಷ್ಟು ಎತ್ತಿ, ಎಳೆದುಕೊಳ್ಳಿ. ಬ್ಲೇಡು, ಮರಳು ಕಾಗದ ಮುಟ್ಟಿಸಲೇಬೇಡಿ. ನಾಲಗೆಯ ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಶ್ರುತಿ ಮಾಡುವವರು ಹಾಗೆಯೇ ಮಾಡುವುದು, ಅದಕ್ಕೆ ಪಳಗಿದ ಕಿವಿ ಬೇಕು.

ಗಾಳಿ ಸೋರಿಕೆಗೆ ಮೊದಲು ಜಾಗ ಹುಡುಕಿ. ಎಲ್ಲ ಗುಂಡಿ ಒಳಗೊತ್ತಿ, ತಿದಿಯಲ್ಲಿ ಗಾಳಿ ತುಂಬಿ, ಅಂಗೈಯ ಹಿಂಬದಿಯನ್ನು ಒದ್ದೆ ಮಾಡಿಕೊಂಡು ಮಡಿಕೆಗಳ ಸುತ್ತ ಹಿಡಿಯಿರಿ. ತಣ್ಣಗೆ ತಾಕಿದಲ್ಲಿ ಸೋರುತ್ತಿದೆ. ಹೆಚ್ಚಾಗಿ ಮಡಿಕೆಯ ಮೂಲೆಗಳೇ ಹರಿದಿರುತ್ತವೆ. ತೆಳುವಾದ ಮೆತ್ತನೆ ಚರ್ಮದ ತುಂಡನ್ನು ಬಡಗಿಯ ಅಂಟಿನಿಂದ ಹಚ್ಚಿ, ತಿದಿ ತೆರೆದ ಸ್ಥಿತಿಯಲ್ಲೇ ಒಂದು ಇಡೀ ದಿನ ಒಣಗಲು ಬಿಡಿ. ಮುಚ್ಚಿ ಒಣಗಿಸಿದರೆ ತೆರೆದಾಗ ತೇಪೆ ಕಿತ್ತು ಬರುತ್ತದೆ. ಸೆಲ್ಲೋಟೇಪು ಬಳ್ಳಾರಿಯ ಒಂದು ಬೇಸಿಗೆ ತಾಳುವುದಿಲ್ಲ. ಒಳಗಿನ ಹಲಗೆಯೇ ಬಿರಿದಿದ್ದರೆ ಮಾತ್ರ ತಿಳಿದವರ ಕೈಗೆ ಕೊಡಿ.

ಚಿಕ್ಕ ಮನೆಯಲ್ಲಿ ಪೇಟಿಯನ್ನು ಬೀರುವಿನ ಮೇಲೆ ಇಡುವುದು ಎಲ್ಲರೂ ಮಾಡುವ ತಪ್ಪು. ಕೋಣೆಯ ಬಿಸಿಯೆಲ್ಲ ಸೂರಿನ ಕೆಳಗೇ ನಿಲ್ಲುತ್ತದೆ, ಮರ ಒಣಗಿ ಬಿರಿಯುತ್ತದೆ. ಪಡುವಣ ಗೋಡೆ ಬಿಟ್ಟು, ನೆಲದಿಂದ ಗೇಣೆತ್ತರದ ಮಣೆಯ ಮೇಲೆ ಹತ್ತಿ ಬಟ್ಟೆ ಮುಚ್ಚಿ ಇಡಿ. ಪಕ್ಕದ ಮನೆಗೆ ಕೇಳಿಸೀತು ಎಂಬ ಸಂಕೋಚಕ್ಕೆ, ಮೇಲಿನ ಮುಚ್ಚಳ ಹಾಕಿ ಒಂದೇ ಗುಂಡಿ ಎಳೆದು ನುಡಿಸಿ. ಮೊದಲ ವಾರ ರಾಗಕ್ಕೆ ಹೋಗಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ, ಒಂದೇ ಷಡ್ಜ ಏರದೆ ತಗ್ಗದೆ ನಿಲ್ಲುವಂತೆ ಎಡಗೈ ಪಳಗಲಿ. ಬಲಗೈ ಬೆರಳು ತಾವಾಗಿ ದಾರಿ ಹಿಡಿಯುತ್ತವೆ.

ಅಂಗಳದಲ್ಲಿ ಮಲ್ಲಿಗೆ ಬಳ್ಳಿ ಇತ್ತು. ಈಗ ಬಾಲ್ಕನಿಯಲ್ಲಿ ಕುಂಡದಲ್ಲಿ ಹಚ್ಚಿದ್ದೇನೆ. ಎಲೆ ಹಳದಿ, ಮೊಗ್ಗಿಲ್ಲ. (ಬಳ್ಳಾರಿ)

ಹೊಲದ ಎರೆ ಮಣ್ಣು ತುಂಬಿದ್ದೀರೇನು ನೋಡಿ. ಎರೆ ಒಣಗಿದಾಗ ಬಿರಿದು, ಹಾಕಿದ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ. ನೆನೆದಾಗ ಬೇರಿಗೆ ಉಸಿರು ಕಟ್ಟುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಳಿತ ಗೊಬ್ಬರ ಬೆರೆಸಿ 12 ಇಂಚಿನ ಮಣ್ಣಿನ ಕುಂಡಕ್ಕೆ ಬದಲಿಸಿ. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಬೇಯುತ್ತದೆ. ಬೇರೆ ಇಲ್ಲದಿದ್ದರೆ ಸುತ್ತ ಗೋಣಿ ಚೀಲ ಸುತ್ತಿ ಒದ್ದೆ ಮಾಡಿ. ಕುಂಡವನ್ನು ಇಟ್ಟಿಗೆಗಳ ಮೇಲಿಡಿ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಬೋರಿನ ಗಡಸು ನೀರಿನ ಕೆಲಸ, ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ನಾಲ್ಕು ಹನಿ ನಿಂಬೆರಸ ಹಾಕಿ ಸಂಜೆ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಮತ್ತೊಮ್ಮೆ. ನೀರು ಶುದ್ಧ ಮಾಡುವ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ಮೊಗ್ಗಿಗೆ ಐದಾರು ಗಂಟೆ ನೇರ ಬಿಸಿಲು ಬೇಕು. ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿ, ಒಂದೂವರೆ ಅಡಿ ಬಿಟ್ಟು ಕತ್ತರಿಸಿ, ಎಲೆ ಉದುರಿಸಿ. ಎರಡು ವಾರದ ಮೇಲೆ ಗೊಬ್ಬರ ಕೊಟ್ಟು ನೀರು ಶುರು ಮಾಡಿದರೆ ಬೇಸಿಗೆ ಕಾಲಿಡುವಾಗ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬರುತ್ತದೆ. ಹೊಸ ಗಿಡ ಬೇಕಿದ್ದರೆ ಹೂವಿನಹಡಗಲಿ ಕಡೆಯಿಂದ ತರಿಸಿ. ಅಲ್ಲಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇರುವುದು ಸುಮ್ಮನೆ ಅಲ್ಲ.

ಮನೆಯಲ್ಲಿ ಒಂದು ಹೊಸ ವಸ್ತುವಿಗೂ ಜಾಗವಿಲ್ಲ. ಒಂದು ನೋಟುಬುಕ್ಕಿನಲ್ಲಿ ಮುಗಿಯುವ ಹವ್ಯಾಸ ಹೇಳಿ. (ಕೊಪ್ಪಳ)

ನಿಮ್ಮ ಊರಲ್ಲೇ ಇದೆ. ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಬ್ರಾಹ್ಮಿ ಅಕ್ಷರಗಳಲ್ಲಿ. ನಮ್ಮ ಕನ್ನಡ ಲಿಪಿಯ ಮೂಲವೂ ಆ ಅಕ್ಷರಗಳೇ. ಅವನ್ನು ಓದಲು ಕಲಿಯಿರಿ.

ಗೆರೆಯ ನೋಟುಬುಕ್ಕು ಬೇಡ, ಚೌಕುಳಿ ಹಾಳೆಯದ್ದು ತನ್ನಿ. ಮೊದಲ ವಾರ ಸುಲಭದ ಐದು ಅಕ್ಷರ: ‘ಕ’ ಕೂಡಿಸುವ ಗುರುತಿನಂತೆ, ‘ರ’ ಒಂದು ನೆಟ್ಟ ಗೆರೆ, ‘ಗ’ ಗುಡಿಸಲ ಮಾಡಿನಂತೆ, ‘ಬ’ ಒಂದು ಚೌಕ, ‘ನ’ ಅಡ್ಡಗೆರೆಯ ನಡುವೆ ನಿಂತ ಕಂಬ. ಎರಡನೇ ವಾರ ಸ್ವರಚಿಹ್ನೆ: ಅಕ್ಷರದ ತಲೆಯ ಬಲಕ್ಕೆ ಚಿಕ್ಕ ಅಡ್ಡಗೆರೆ ಎಳೆದರೆ ‘ಆ’ಕಾರ, ಎಡಕ್ಕೆ ಎಳೆದರೆ ‘ಏ’ಕಾರ, ಬಲದ ಗೆರೆ ಮೇಲಕ್ಕೆ ತಿರುಗಿದರೆ ‘ಇ’ಕಾರ, ಬುಡದಲ್ಲಿ ಬಂದರೆ ‘ಉ’ಕಾರ. ಪಕ್ಕದಲ್ಲಿ ಚುಕ್ಕೆ ಇದ್ದರೆ ಅನುಸ್ವಾರ. ದ, ವ, ಪ, ಯ ಸೇರಿಸಿಕೊಂಡರೆ ‘ದೇವಾನಂಪಿಯ’ ಎಂಬ ಪದ ಪೂರ್ತಿ ಬರುತ್ತದೆ. ಅದು ಅಶೋಕನ ಬಿರುದು, ಕಲ್ಲಿನ ಮೇಲೆ ಮೊದಲು ಹುಡುಕಬೇಕಾದದ್ದೂ ಅದೇ.

ನೆತ್ತಿಯ ಬಿಸಿಲಲ್ಲಿ ಕೊರೆತ ಕಾಣುವುದಿಲ್ಲ. ಓರೆ ಬೆಳಕು ಬೇಕು. ಬೆಳಿಗ್ಗೆ ಬೇಗ ಹೋಗಿ, ಕಲ್ಲಿನ ಮಗ್ಗುಲಿಂದ ಬ್ಯಾಟರಿ ಹಿಡಿಯಿರಿ. ಗವಿಮಠದ ಶಾಸನ ಚೆನ್ನಾಗಿ ಉಳಿದಿದೆ, ಅಲ್ಲಿಂದಲೇ ಶುರು ಮಾಡಿ. ಪಾಲ್ಕಿಗುಂಡಿನದು ಬಹಳ ಸವೆದಿದೆ, ಕಣ್ಣು ಪಳಗಿದ ಮೇಲೆ ಹತ್ತಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ನೀರು ಎರಚುವುದು, ಎಣ್ಣೆ ಸವರುವುದು ದಯವಿಟ್ಟು ಯಾರೂ ಮಾಡಬೇಡಿ, ಕಲ್ಲು ಸವೆಯುತ್ತದೆ. ಕಂಡಂತೆ ಬರೆದುಕೊಳ್ಳಿ, ಕಾಣದ ಅಕ್ಷರಕ್ಕೆ ಖಾಲಿ ಚೌಕ ಬಿಡಿ. ಊಹೆಯಿಂದ ತುಂಬಿದ ಚೌಕವೇ ಮುಂದೆ ದಾರಿ ತಪ್ಪಿಸುವುದು.

ಎರಡೂ ಮುಗಿದ ಮೇಲೆ ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗಿ. ಅಲ್ಲಿನ ಶಾಸನ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿತ್ತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ಬಿರುದು ಮಾತ್ರ ಇತ್ತು. ಬಿರುದಿನ ಜೊತೆ ‘ಅಸೋಕ’ ಎಂಬ ಹೆಸರು ಕಂಡದ್ದು ಮಸ್ಕಿಯ ಕಲ್ಲಿನಲ್ಲಿ. ಹೋಗುವ ಮೊದಲು ‘ಅ’, ‘ಸೋ’ ಎರಡನ್ನೂ ಹಾಳೆಯಲ್ಲಿ ಹತ್ತತ್ತು ಸಲ ಬರೆದುಕೊಂಡು ಹೋಗಿ. ‘ಕ’ ನಿಮಗೆ ಆಗಲೇ ಗೊತ್ತಿರುತ್ತದೆ.